ಪುನರ್ಪುಳಿ ಸಾರಿನ ಪಾಪ

ಶಹಾಡ್ ಸ್ಟೇಷನ್ನಿನ ಎದುರು ಸ್ವಂತ ಹೋಟೆಲು ಇಟ್ಟುಕೊಂಡ ಗಂಡನಿಗೆ ಡೊಂಬಿವಲಿಯಿಂದ ಊಟದ ಡಬ್ಬ ಹೊರುವ ಹೆಂಗಸು ತಾನೊಬ್ಬಳೇ ಇರಬೇಕು ಎಂದು ವೇದಾವತಿ ಗೊಣಗದ ದಿನವಿಲ್ಲ. ಹೋಟೆಲಿನ ಸಾಂಬಾರಿಗೆ ಈರುಳ್ಳಿ ಬೀಳುತ್ತದೆ, ಆದ್ದರಿಂದ ಪುಂಡರೀಕಾಕ್ಷ ರಾಯರು ಅಲ್ಲಿ ಉಣ್ಣುವುದಿಲ್ಲ. ಗಿರಾಕಿಗಳು ಉಣ್ಣಬಹುದು. ಕೇಳಿದರೆ "ವ್ಯಾಪಾರ ಬೇರೆ, ಮಡಿ ಬೇರೆ" ಎನ್ನುವರು. ಇವರ ಮಡಿಗಾಗಿ ಅವಳು ದಿನಾ ಕಸಾರ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಡಬ್ಬವನ್ನು ಎದೆಗವಚಿಕೊಂಡು ನಿಲ್ಲಬೇಕು.

ಈರುಳ್ಳಿಯ ಹಟವನ್ನಾದರೂ ಸಹಿಸಬಹುದಿತ್ತು. ಹಾಲಿನ ಹಟ ಸಹಿಸುವಂಥದ್ದಲ್ಲ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಮೊಸರು, ಮರುತಿಂಗಳು ಹಾಲು ಬಿಡುವುದು ಅವರ ಮನೆತನದ ಪದ್ಧತಿ. ವ್ರತ ಮುಗಿದ ಮೇಲೆ ಊರಿನವರೆಲ್ಲ ಸುಖವಾಗಿ ಹಾಲು ಮೊಸರು ಉಣ್ಣುತ್ತಾರೆ. ರಾಯರಿಗೆ ಮಾತ್ರ ಒಂದು ವರ್ಷ ಪ್ಯಾಕೆಟ್ ಹಾಲಿನ ಮೇಲೆ ಗುಮಾನಿ ಹುಟ್ಟಿತು. ಎಲ್ಲಿಯ ಹಸುವೋ, ಯಾರ ಕೈಯೋ ಎಂದು ಎರಡು ತಿಂಗಳ ವ್ರತವನ್ನು ಎಳೆದು ವರ್ಷಪೂರ್ತಿ ಮಾಡಿಕೊಂಡರು. ಸಾತ್ವಿಕ ಆಹಾರ ತಿನ್ನುವವನ ಹತ್ತಿರ ರೋಗ ಸುಳಿಯುವುದಿಲ್ಲ ಎಂದು ಗಲ್ಲಾದಲ್ಲಿ ಕೂತು ಪ್ರವಚನ ಬೇರೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೊಂದು ಸಂಜೆ ರಾಯರು ಒಂದೇ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಇನ್ನೊಂದು ಎಲ್ಲಿ ಕಳಚಿತೆಂದು ಅವರಿಗೇ ತಿಳಿದಿರಲಿಲ್ಲ. ಬರಿಗಾಲಿಗೆ ಗಾಜು ಚುಚ್ಚಿ ರಕ್ತ ಸೋರುತ್ತಿತ್ತು, ಅದೂ ತಿಳಿದಿರಲಿಲ್ಲ. ವೇದಾವತಿ ಗಾಯಕ್ಕೆ ಬಟ್ಟೆ ಕಟ್ಟಿ ಅವರನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರ್ ಮನೀಶ್ ರಕ್ತ ಪರೀಕ್ಷೆ ಮಾಡಿಸಿ, ಬಿ ಟ್ವೆಲ್ವ್ ವಿಟಮಿನ್ ತೀರಾ ಕಡಿಮೆಯಾಗಿದೆ, ಹೀಗೇ ಬಿಟ್ಟರೆ ಮುಂದೆ ನಡೆಯುವುದೇ ಕಷ್ಟ ಎಂದರು. ಅದು ಇರುವುದು ಮಾಂಸ, ಮೀನು, ಮೊಟ್ಟೆಯಲ್ಲಿ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ, ಇವರು ಅದನ್ನೂ ಬಿಟ್ಟು ಕೂತಿದ್ದಾರೆ.

"ಮಾಂಸದಲ್ಲಿರುವ ವಸ್ತು ನನ್ನ ಮೈಗೆ ಬೇಡ," ಎಂದರು ರಾಯರು.

ಔಷಧಿಗೆ ಅದನ್ನು ಮಾಂಸದಿಂದ ತೆಗೆಯುವುದಿಲ್ಲ, ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ ಎಂದು ಡಾಕ್ಟರು ತಾಳ್ಮೆಯಿಂದಲೇ ಹೇಳಿದರು.

"ಜೀವಿ ಅಂದ ಮೇಲೆ ಜೀವಿಯೇ ಅಲ್ಲವಾ?"

ಇಂಜೆಕ್ಷನ್ ಬೇಡ, ಮಾತ್ರೆ ಬೇಡ. ಕ್ಯಾಪ್ಸೂಲಿನ ಸಿಪ್ಪೆಗೆ ಮೂಳೆಯ ಅಂಟು ಬಳಸುತ್ತಾರೆಂದು ಮೆಡಿಕಲ್ ಅಂಗಡಿಯವನು ಹೇಳಿದ್ದೇ ತಡ, ಆ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಇಂಥವರ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ ಎನಿಸಿತು ವೇದಾವತಿಗೆ. ಅವಳೇ ಹೋಗಿ ಕ್ಯಾಪ್ಸೂಲು ತಂದಳು. ಸಿಪ್ಪೆ ಬಿಡಿಸಿ ಎಸೆದಳು. ಒಳಗಿನ ಪುಡಿ ಕೆಂಪು. ಅದನ್ನು ಮರೆಮಾಚಲು ಕೆಂಪು ಹುಳಿಹಣ್ಣಿನ ಪುನರ್ಪುಳಿ ಸಾರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಅಂದಿನಿಂದ ಡಬ್ಬದಲ್ಲಿ ದಿನವೂ ಪುನರ್ಪುಳಿ ಸಾರು.

ಆದರೆ ಗಂಡನ ವ್ರತ ಕೆಡಿಸಿದ ಅಳುಕು ಅವಳನ್ನು ಬಿಡಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಕಾಫಿ ಬಿಟ್ಟಳು. ಕಾಫಿ ಇಲ್ಲದೆ ಅವಳಿಗೆ ಬೆಳಗಾಗುವುದೇ ಇಲ್ಲ. ತಲೆನೋವು, ಸಿಡಿಮಿಡಿ, ಮಗಳು ಸುಮೇಧಾಳ ಮೇಲೆ ಸುಮ್ಮಸುಮ್ಮನೆ ರೇಗಾಟ. "ಆಯೀ, ಪೀ ಲೋ ನಾ," ಎಂದು ಮಗಳು ಕಾಫಿ ಲೋಟ ಮುಂದೆ ಹಿಡಿದು ಗೋಗರೆದರೂ ಮುಟ್ಟಲಿಲ್ಲ.

ಕೆಲವು ತಿಂಗಳಲ್ಲಿ ರಾಯರ ಪಾದಗಳಿಗೆ ಮೆಲ್ಲಗೆ ಸ್ಪರ್ಶ ಮರಳಿತು. ಅವಳು ದೇವರಿಗೆ ಕೈಮುಗಿದಳು. ಒಂದು ಮಧ್ಯಾಹ್ನ ಡಬ್ಬ ಹಿಡಿದು ಹೋಟೆಲಿಗೆ ಬಂದರೆ ಗಲ್ಲಾದ ಮುಂದೆ ದೇವದಾಸ್ ನಿಂತಿದ್ದ. ಉಲ್ಹಾಸನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ, ಕುಂದಾಪುರದ ಕಡೆಯವನು, ಸಕ್ಕರೆ ಕಾಯಿಲೆಯಿಂದ ಅವನ ಕಾಲೂ ಜೋಮು ಹಿಡಿಯುತ್ತಿತ್ತು.

"ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ ಮಾರಾಯ. ಎಲ್ಲ ವ್ರತದ ಫಲ," ಎನ್ನುತ್ತಿದ್ದರು ರಾಯರು.

"ಹಾಗಾದರೆ ನಾನೂ ಮೀನು ಬಿಡ್ತೇನೆ ರಾಯರೇ. ಶುಗರಿನ ಮಾತ್ರೆ ಇವತ್ತೇ ಚರಂಡಿಗೆ."

ವೇದಾವತಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಇವರೊಬ್ಬರ ಕಾಲು, ಈಗ ಪರರ ಕಾಲಿಗೂ ಸಂಚಕಾರ.

"ಮಾತ್ರೆ ಬಿಡಬೇಡ ದೇವದಾಸ. ಇವರ ಸಾರಿಗೆ ನಾನು ದಿನಾ ಔಷಧಿ ಹಾಕಿದ್ದೇನೆ. ಕಾಲು ನೆಟ್ಟಗಾದದ್ದು ಅದರಿಂದ."

ದೇವದಾಸ್ ಇಬ್ಬರ ಮುಖ ನೋಡಿ, ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಜಾಗ ಖಾಲಿ ಮಾಡಿದ. ರಾಯರು ಕೂಗಾಡುತ್ತಾರೆಂದು ಅವಳು ಕಾದಳು. ಅವರು ಗಲ್ಲಾದ ಮೇಜು ಒರೆಸುತ್ತಾ ತಗ್ಗಿದ ದನಿಯಲ್ಲಿ ಹೇಳಿದರು:

"ಎಲ್ಲರ ಎದುರು ಹೇಳುವ ಅಗತ್ಯ ಎಂತ ಇತ್ತು? ನನಗೆ ಮೊದಲನೇ ದಿನವೇ ಗೊತ್ತುಂಟು. ಪುನರ್ಪುಳಿಯ ಬಣ್ಣ ನನಗೆ ಗೊತ್ತಿಲ್ಲವಾ?"

"ಗೊತ್ತಿದ್ದೂ ಕುಡಿದಿರಾ?"

"ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಬಡಿಸಿದ್ದನ್ನು ಉಂಡೆ. ದೋಷ ಬಡಿಸಿದವರಿಗೆ."

"ನಾನು ಕಾಫಿ ಬಿಟ್ಟದ್ದು?"

"ಅದೂ ಗೊತ್ತುಂಟು. ಪ್ರಾಯಶ್ಚಿತ್ತ ಯಾರಾದರೂ ಮಾಡಲೇಬೇಕಲ್ಲ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಡಿಸುವ ಮೊದಲು ಬೆರೆಸಲೆಂದು ತಂದಿದ್ದ ಕ್ಯಾಪ್ಸೂಲಿನ ಪಟ್ಟಿಯನ್ನು ಚೀಲದಿಂದ ತೆಗೆದು ಗಲ್ಲಾದ ಮೇಲೆ ಇಟ್ಟಳು. ಎದುರಿನ ಮೇಜಿಗೆ ಹೋಗಿ ಗಿರಾಕಿಯ ಹಾಗೆ ಕೂತಳು.

"ಮುರಾರಿ, ಒಂದು ಕಾಫಿ. ಸ್ಟ್ರಾಂಗ್."

ಸಪ್ಲೈಯರ್ ಮುರಾರಿ ಯಜಮಾನರ ಮುಖ ನೋಡಿದ. ಅವರು ಮತ್ತೆ ಮೇಜು ಒರೆಸತೊಡಗಿದರು. ಕಾಫಿ ಬಂತು.

"ಇನ್ನು ಮೇಲೆ ಸಾರು ಮಾತ್ರ ನನ್ನದು," ಎಂದಳು ವೇದಾವತಿ. "ಕಾಲು ನಿಮ್ಮದು, ದೋಷವೂ ನಿಮ್ಮದು. ಬೇಕಾದರೆ ಕ್ಯಾಪ್ಸೂಲು ನೀವೇ ಬಿಡಿಸಿಕೊಳ್ಳಿ."

ರಾಯರು ತಮ್ಮ ಪಾದ ನೋಡಿಕೊಂಡರು. ಕೊನೆಗೆ ಡಬ್ಬ ತೆರೆದು ಸಾರನ್ನು ಬಟ್ಟಲಿಗೆ ಬಗ್ಗಿಸಿದರು. ಒಂದು ಕ್ಯಾಪ್ಸೂಲು ಕೈಗೆ ತೆಗೆದುಕೊಂಡರು. ಸಿಪ್ಪೆ ಎಳೆದ ರಭಸಕ್ಕೆ ಪುಡಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ಸಹಾಯಕ್ಕೆ ಹೆಂಡತಿಯತ್ತ ನೋಡಿದರು.

ವೇದಾವತಿ ಏಳಲಿಲ್ಲ. ಮುರಾರಿಗೆ ಇನ್ನೊಂದು ಕಾಫಿ ಹೇಳಿದಳು.