ಅವಳು ತಿರುಗಿ ನೋಡದ ಗುರುವಾರ

ಹೋದ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು ಒಂದೇ. ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಬ್ಯಾಗು ತೆಗೆದು ನೋಡಿದೆ. ಒಂದು ಸಲವಲ್ಲ, ಎರಡು ಸಲ.

ಹಿಂದೂಪುರದಲ್ಲಿ ಎಂ.ಆರ್.ಒ. ಆಫೀಸಿನ, ಅಂದರೆ ತಹಸೀಲ್ದಾರರ ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅವಳು ಸರ್ಕಾರಿ ನರ್ಸಮ್ಮ. ಹಳ್ಳಿಗಳಲ್ಲಿ ಬಸುರಿಯರನ್ನು ನೋಡುವುದು, ಮಕ್ಕಳಿಗೆ ಸೂಜಿ ಹಾಕುವುದು ಅವಳ ಕೆಲಸ. ನನ್ನ ಸೋದರತ್ತೆಯ ಮಗಳೇ. ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ನನ್ನನ್ನು ‘ಬಾವ’ ಅನ್ನುತ್ತಾಳೆ, ಏಕವಚನದಲ್ಲೇ ಮಾತಾಡಿಸುತ್ತಾಳೆ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ನಾವಿಬ್ಬರೇ. ಜೂನಿನಲ್ಲಿ ಅವಳಿಗೆ ಕುಂದುರ್ಪಿ ಕಡೆಯ ಹಳ್ಳಿಗಳಿಗೆ ವರ್ಗವಾಯಿತು. ಕಲ್ಯಾಣದುರ್ಗದಲ್ಲಿ ಒಂದು ರೂಮು ಹಿಡಿದಳು. ಶನಿವಾರ ಸಂಜೆ ಬರುವುದು, ಸೋಮವಾರ ಮೊದಲ ಬಸ್ಸಿಗೆ ಹೋಗುವುದು.

ಶ್ರಾವಣದವರೆಗೆ ಏನೂ ಅನ್ನಿಸಲಿಲ್ಲ. ಆಮೇಲೆ ಸಣ್ಣಸಣ್ಣ ವಿಷಯಗಳು ಕಣ್ಣಿಗೆ ಬೀಳತೊಡಗಿದವು.

ಬಜಾರಿಗೆ ಹೋಗುವಾಗ ಅವಳು ಯಾವಾಗಲೂ ನನ್ನ ಬಲಕ್ಕೆ ನಡೆಯುವವಳು. ಒಂದು ಭಾನುವಾರ ಹೂವಿನ ಅಂಗಡಿಗಳ ಹತ್ತಿರ ನನ್ನ ಹಿಂದಿನಿಂದ ಸುತ್ತಿ ಬಂದು ಎಡಕ್ಕೆ ಸೇರಿಕೊಂಡಳು. ಮುಂದಿನ ವಾರವೂ ಹಾಗೇ. ಯಾಕೆ ಅಂದರೆ, ‘ಬಿಸಿಲು’ ಅಂದಳು. ಅವತ್ತು ಮೋಡ ಮುಚ್ಚಿಕೊಂಡಿತ್ತು.

ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ ತುರುಬು ಕಟ್ಟುವವಳು ಈಗ ಕಿವಿ ಮುಚ್ಚುವ ಹಾಗೆ ಸಡಿಲವಾಗಿ ಜಡೆ ಹಾಕಿಕೊಳ್ಳತೊಡಗಿದಳು. ಐವತ್ತರ ಹತ್ತಿರ ಬಂದವಳಿಗೆ ಇದೇನು ಹೊಸ ಶೋಕಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮಾತಾಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ಒಲೆಯ ಕಡೆ, ಟೀವಿಯ ಕಡೆ ಮುಖ ಮಾಡಿಕೊಂಡು ನನಗೆ ಉತ್ತರ ಕೊಟ್ಟವಳು, ಈಗ ಕಣ್ಣು ಕೀಳದೆ ತುಟಿ ನೋಡುತ್ತಾಳೆ. ಯಾರ ಮುಖದ ಜೊತೆಗೋ ನನ್ನ ಮುಖವನ್ನು ಹೋಲಿಸುತ್ತಿದ್ದಾಳೆ ಅನ್ನಿಸಿ ನಾನೇ ತಲೆ ತಗ್ಗಿಸುತ್ತಿದ್ದೆ.

ಒಂದು ಸಲ ಮಿಕ್ಸಿ ಹಾಕಿಕೊಂಡು ನಿಂತಿದ್ದಳು. ‘ಮುದ್ದೆಗೆ ಎಸರು ಇಡ್ಲಾ?’ ಅಂತ ಕೇಳಿದೆ. ‘ಬಸ್ಸು ಪೆನುಕೊಂಡದಲ್ಲೇ ಲೇಟಾಯ್ತು ಕಣ್ ಬಾವ’ ಅಂದಳು. ಮನಸ್ಸು ಎಲ್ಲೋ ಇದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ಆದರೆ ನನ್ನನ್ನು ನಿಜವಾಗಿ ಕೆಡಿಸಿದ್ದು ಫೋನು. ಮೊದಲು ಅಡುಗೆಮನೆಯಲ್ಲೇ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದವಳು ಈಗ ಮಹಡಿ ಹತ್ತುತ್ತಿದ್ದಳು. ದಸರಾ ಕಳೆದ ಮೇಲೆ ಒಂದು ದಿನ ಬಟ್ಟೆ ತೆಗೆಯುವ ನೆಪದಲ್ಲಿ ನಾನೂ ಮೆಟ್ಟಿಲು ಹತ್ತಿದೆ. ಸ್ಪೀಕರಿನಲ್ಲಿ ಒಬ್ಬ ಗಂಡಸಿನ ದನಿ ಕೇಳಿಸಿತು.

‘ಗುರುವಾರಂ ವಸ್ತಾರಾ ಮೇಡಂ?’

‘ವಸ್ತಾನು. ಎವರಿಕೀ ಚೆಪ್ಪೊದ್ದು,’ ಅಂದಳು ಇವಳು. ಗುರುವಾರ ಬರ್ತೀರಾ ಅಂತ ತೆಲುಗಿನಲ್ಲಿ ಅವನು; ಬರುತ್ತೇನೆ, ಯಾರಿಗೂ ಹೇಳಬೇಡಿ ಅಂತ ಇವಳು.

ನನ್ನನ್ನು ನೋಡಿದ ಕೂಡಲೇ ಫೋನು ಇಟ್ಟಳು. ‘ಯಾರು?’ ಅಂದೆ. ‘ಆಫೀಸ್ನೋರು,’ ಅಂದಳು. ಬಟ್ಟೆಗಳನ್ನು ತೆಕ್ಕೆಯಲ್ಲಿ ಹಿಡಿದುಕೊಂಡು ಕೆಳಗಿಳಿದೆ. ಅರ್ಧ ಇನ್ನೂ ಒದ್ದೆ ಇದ್ದವು.

ಬ್ಯಾಗು ನೋಡಿದ್ದು ಆಮೇಲೆ. ಮೊದಲ ಸಲ ಏನೂ ಸಿಗಲಿಲ್ಲ. ಮುಂದಿನ ಭಾನುವಾರ, ಎರಡನೇ ಸಲ, ಒಂದು ಬಸ್ ಟಿಕೆಟ್ ಸಿಕ್ಕಿತು. ಕಲ್ಯಾಣದುರ್ಗದಿಂದ ಅನಂತಪುರಕ್ಕೆ, ಗುರುವಾರದ ಟಿಕೆಟ್ಟು. ಆ ಗುರುವಾರ ನಾನು ಫೋನ್ ಮಾಡಿದ್ದಾಗ ಕುಂದುರ್ಪಿಯಲ್ಲಿ ಸರ್ವೆ ಇದೆ ಅಂದಿದ್ದಳು.

ಇಪ್ಪತ್ತು ದಿನ ನಾನು ಏನೂ ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾಳು ಅನ್ನುವ ಭಯ. ಅಂಗಡಿಯಲ್ಲಿ ಆಧಾರ್ ಕಾರ್ಡಿನ ಒಂದೇ ಮಗ್ಗುಲನ್ನು ಎರಡು ಸಲ ತೆಗೆದು ಗಿರಾಕಿಗಳಿಂದ ಬೈಸಿಕೊಂಡೆ. ಕಾರ್ತೀಕ ಮುಗಿಯುವ ಹೊತ್ತಿಗೆ ತಡೆಯಲಾಗಲಿಲ್ಲ. ಒಂದು ಗುರುವಾರ ಅಂಗಡಿ ತೆಗೆಯದೆ ಮೊದಲ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ.

ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿಯ ಕಂಬದ ಮರೆಗೆ ಕೂತೆ. ಸ್ವಂತ ಹೆಂಡತಿಯನ್ನು ಕಾಯುವುದಕ್ಕೆ ಮರೆ ಬೇಕಾಯಿತಲ್ಲ ಅಂತ ಒಂದು ಕ್ಷಣ ಅನ್ನಿಸಿತು. ಆದರೂ ಏಳಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಬಂದಳು. ನೀಲಿ ಸೀರೆ, ಹೆಗಲಿಗೆ ಅದೇ ಬ್ಯಾಗು. ಅನಂತಪುರದ ಬಸ್ಸು ನಿಲ್ಲುವ ಕಡೆಗೆ ಹೋಗಿ ನಿಂತಳು.

ಎದ್ದು ಹೋಗಿ, ಬಸ್ಸುಗಳ ಸದ್ದಿನ ನಡುವೆ ಹತ್ತು ಹೆಜ್ಜೆ ದೂರದಿಂದ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಮೂರನೇ ಸಲ ಕೂಗಿದ್ದಕ್ಕೆ ಅಕ್ಕಪಕ್ಕದವರೆಲ್ಲ ನನ್ನನ್ನು ನೋಡಿದರು, ಅವಳೊಬ್ಬಳು ನೋಡಲಿಲ್ಲ. ನನ್ನ ದನಿ ಗೊತ್ತಾಗಿಯೇ ಹೀಗೆ ನಿಂತಿದ್ದಾಳೆ ಅಂತ ಮೈಯೆಲ್ಲ ಉರಿಯಿತು.

ಸೀಬೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಅವಳ ಸೆರಗು ಎಳೆದಳು. ‘ಅಮ್ಮಾ, ಯಾರೋ ಕೂಗ್ತಾವ್ರೆ ಕಣಮ್ಮ.’

ಇವಳು ಗಾಬರಿಯಿಂದ ತಿರುಗಿದಳು. ನಾನು ಇದ್ದದ್ದು ಅವಳ ಎಡಕ್ಕೆ. ಅವಳು ನೋಡಿದ್ದು ಬಲಕ್ಕೆ. ಅಲ್ಲಿ ಯಾರೂ ಇಲ್ಲದ್ದು ಕಂಡು ಇನ್ನಷ್ಟು ಬಲಕ್ಕೆ ತಿರುಗಿ, ಜನರ ಮುಖಗಳನ್ನು ಒಂದೊಂದಾಗಿ ಹುಡುಕಿದಳು. ನನ್ನ ಸೋದರತ್ತೆ, ಇವಳ ತಾಯಿ, ಕೊನೆಯ ದಿನಗಳಲ್ಲಿ ಯಾರಾದರೂ ಕರೆದರೆ ಹೀಗೇ ಎಲ್ಲೆಲ್ಲೋ ಹುಡುಕುತ್ತಿದ್ದಳು. ಅತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ.

ಕೊನೆಗೆ ಅವಳೇ ನನ್ನನ್ನು ಕಂಡು ಹತ್ತಿರ ಬಂದಳು.

‘ಯಾವಾಗಿಂದ?’ ಅಂದೆ.

ಏನು ಎಂದು ಅವಳು ಕೇಳಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಹೇಳಿದಳು. ‘ಶ್ರಾವಣದಾಗೆ. ಒಂದು ಹುಡುಗಿ ಬಸುರಿ, ಎಂಟು ತಿಂಗ್ಳು. ಹೊಟ್ಟೆ ಮೇಲೆ ಎದೆಬಡಿತ ಕೇಳೋ ನಳಿಕೆ ಇಟ್ಟು ಎಡಗಿವಿ ಹಚ್ದೆ, ಏನೂ ಇಲ್ಲ. ಮಗು ಹೋಗ್ಬುಟ್ಟೈತೆ ಅಂತ ನನ್ನ ಜೀವಾನೇ ಹೋದಂಗಾಯ್ತು. ಆಮೇಲೆ ಬಲಗಿವಿ ಹಚ್ದೆ. ಟಕಟಕ ಅಂತ ಬಡ್ಕೋತಾ ಇತ್ತು.’

ಅನಂತಪುರದಲ್ಲಿ ಕಿವಿಮಿಷಿನ್ನಿನ ಅಂಗಡಿಗೆ ಓಡಾಡುತ್ತಿದ್ದಳಂತೆ. ಫೋನಿನ ದನಿ ಆ ಅಂಗಡಿಯವನದೇ. ಮಿಷಿನ್ನು ಹಾಕಿಕೊಂಡಾಗ ಕಾಣಬಾರದು ಅಂತ ಮೊದಲೇ ಕಿವಿ ಮುಚ್ಚುವ ಜಡೆ ರೂಢಿ ಮಾಡಿಕೊಂಡಿದ್ದಳಂತೆ.

‘ನಂಗ್ಯಾಕೆ ಹೇಳ್ಲಿಲ್ಲ?’

‘ನಮ್ಮಮ್ಮನ್ನ ಏನಂತಿದ್ದೆ ನೀನು?’

ನನಗೆ ನೆನಪಿತ್ತು. ‘ನಿಮ್ಮಮ್ಮ ರೇಡಿಯೋ ಕಣೆ, ಹೇಳ್ತದೆ, ಕೇಳಿಸ್ಕೊಳ್ಳಲ್ಲ.’ ಹಬ್ಬಹುಣ್ಣಿಮೆಗೆ ನೆಂಟರು ಸೇರಿದಾಗೆಲ್ಲ ಅತ್ತೆ ತಪ್ಪಾಗಿ ಕೇಳಿಸಿಕೊಂಡದ್ದನ್ನು ನಾನು ನಟಿಸಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಇವಳೂ ನಗುತ್ತಿದ್ದಳು ಅಂತ ನಾನು ತಿಳಿದಿದ್ದೆ.

‘ಈಗ ನೀನು ಹೇಳು,’ ಅಂದಳು. ‘ಅಂಗಡಿ ಬಾಗ್ಲು ಹಾಕ್ಕೊಂಡು ಇಲ್ಲಿಗ್ಯಾಕೆ ಬಂದೆ?’

‘ಸುಮ್ನೆ.’

‘ಸುಮ್ನೆ ಬಂದಿಲ್ಲ. ಬ್ಯಾಗ್‌ನಾಗೆ ನಾನು ಮಡಚಿಟ್ಟಿದ್ದ ಬಟ್ಟೆ ಬೇರೆ ಥರ ಮಡಚಿತ್ತು. ಎರಡು ಸಲ.’ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು, ‘ಯಾರ್ ಅಂದ್ಕೊಂಡಿದ್ದೆ ಬಾವ?’ ಅಂದಳು.

ಹೇಳುವುದಕ್ಕೆ ನನ್ನ ಹತ್ತಿರ ಒಬ್ಬನ ಹೆಸರೂ ಇರಲಿಲ್ಲ. ಬಸ್ಸು ಬಂದಾಗ ಅವಳು ಎದ್ದು ಹತ್ತಿದಳು. ನಾನೂ ಹತ್ತಿದೆ. ಅನಂತಪುರದವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಕಿವಿಮಿಷಿನ್ನಿನ ಅಂಗಡಿಯಲ್ಲಿ ಗಾಜಿನ ಕೋಣೆಯೊಳಗೆ ಅವಳನ್ನು ಕೂರಿಸಿ ಮತ್ತೊಮ್ಮೆ ಪರೀಕ್ಷೆ ಮಾಡಿದರು. ಸದ್ದು ಕೇಳಿಸಿದಾಗ ಕೈ ಎತ್ತಬೇಕು. ಬಲಗಿವಿಯ ಸರದಿಯಲ್ಲಿ ಶಾಲೆಯ ಹುಡುಗಿಯ ಹಾಗೆ ಮತ್ತೆಮತ್ತೆ ಕೈ ಎತ್ತಿದಳು. ಎಡಗಿವಿಯ ಸರದಿ ಬಂದಾಗ ಕೈ ತೊಡೆಯ ಮೇಲೆಯೇ ಇತ್ತು. ಮಿಷಿನ್ನು ನಡೆಸುವವನು ಗುಂಡಿಗಳನ್ನು ಒತ್ತುತ್ತಲೇ ಇದ್ದ. ಅವಳು ಅವನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ನಾನು ಹೊರಗೆ ಹೋಗಿ ನಿಂತೆ.

ಸಂಕ್ರಾಂತಿಯ ಹೊತ್ತಿಗೆ ಮಿಷಿನ್ನು ಹಾಕಿಕೊಂಡಳು. ಪೂರ್ತಿ ಕೇಳಿಸುವುದಿಲ್ಲ, ಸದ್ದು ಬಂತು ಅಂತ ಗೊತ್ತಾಗುತ್ತದೆ, ಅಷ್ಟೆ. ಕೆಲಸ ಹೋಗುತ್ತದೆ ಅಂತ ಹೆದರಿದ್ದಳು. ತಾನೇ ಹೋಗಿ ಮೇಲಿನ ಡಾಕ್ಟರಮ್ಮನಿಗೆ ಹೇಳಿದಳು. ಆಕೆ ಮಗುವಿನ ಎದೆಬಡಿತವನ್ನು ಜೋರಾಗಿ ಕೇಳಿಸುವ ಯಂತ್ರವೊಂದನ್ನು ಕೊಡಿಸಿದರು. ಈಗ ಬಡಿತ ಬಸುರಿಗೂ ಕೇಳಿಸುತ್ತದಂತೆ. ಕೆಲವರು ಅಲ್ಲೇ ಅತ್ತುಬಿಡುತ್ತಾರಂತೆ.

ನನ್ನ ಅನುಮಾನ ಅಷ್ಟು ಸಲೀಸಾಗಿ ಹೋಗಲಿಲ್ಲ. ಅವಳು ಫೋನಿನಲ್ಲಿ ನಕ್ಕರೆ ಈಗಲೂ ನನ್ನ ತಲೆ ತಾನಾಗಿ ಮೇಲೇಳುತ್ತದೆ. ಅವಳು ಅದನ್ನು ಕಾಣುತ್ತಾಳೆ.

ಯುಗಾದಿಯ ಹಿಂದಿನ ವಾರ ನಾನು ಚಿಲಮತ್ತೂರಿನಿಂದ ತಡವಾಗಿ ಬಂದೆ. ಬಾಗಿಲಲ್ಲೇ ಕೇಳಿದಳು, ‘ಎಲ್ಲಿಗೋಗಿದ್ದೆ?’

‘ಅನುಮಾನವಾ?’ ಅಂದೆ.

‘ಹೂಂ. ವರ್ಷವೆಲ್ಲ ನೀನು ಪಟ್ಟೆ. ಇನ್ನು ಸ್ವಲ್ಪ ದಿನ ನಾನು ಪಡ್ತೀನಿ.’

ಅವಳು ನಗುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲ ಹತ್ತಿರ ಕೂತು, ಹಳೆಯ ಪ್ರಿಂಟರು ನೋಡಲು ಹೋದದ್ದು, ಮಾರುವವನು ಮನೆಯಲ್ಲಿಲ್ಲದೆ ಎರಡು ಗಂಟೆ ಕಾದದ್ದು, ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದೆ.