ಹಿಂಬದಿ ಕುಸಿದ ಅಂಬಾಸಿಡರ್

ಆಗ ನಾಶಿಕದ ಹತ್ತಿರದ ಓಝರ್‌ನ ನಮ್ಮ ಕಾಲೊನಿಯಲ್ಲಿ ಕಾರಿದ್ದ ಮನೆಗಳು ಕಡಿಮೆ. ಬೇಸಿಗೆ ರಜೆಯಲ್ಲಿ ನಾವು ಹುಡುಗಿಯರು ರಸ್ತೆಯ ಮೇಲೆಯೇ ಕುಂಟೆಬಿಲ್ಲೆಯ ಮನೆ ಗೀಚುತ್ತಿದ್ದೆವು, ಯಾವ ಗಾಡಿಯೂ ಬಂದು ಅಳಿಸುತ್ತಿರಲಿಲ್ಲ. ಗಾಳಿ ಬೀಸಿದರೆ ಹೆದ್ದಾರಿಯ ಉಳ್ಳಾಗಡ್ಡಿ ಲಾರಿಗಳ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಅಂಥದೊಂದು ಮಧ್ಯಾಹ್ನ ಕಾಕಾ ನಮ್ಮ ಅಂಬಾಸಿಡರ್ ತಂದು ಮನೆ ಮುಂದೆ ನಿಲ್ಲಿಸಿದ. ಮೂತಿ ಮೇಲಕ್ಕೆ, ಹಿಂಬದಿ ನೆಲಕ್ಕೆ.

"ನಿಮ್ಮ ಗಾಡಿ ನಾಯಿ ಕೂತ ಹಾಗೆ ಕೂತಿದೆ" ಎಂದು ಗೆಳತಿ ಮರಾಠಿಯಲ್ಲಿ ನಕ್ಕಳು. ನಾನು ಅವಳ ಜಡೆ ಹಿಡಿದು ಎಳೆದೆ.

ಗಾಡಿ ಅವ್ವನದು. ವಿಜಯಪುರದ ಅಜ್ಜ ಕಣ್ಣು ಮಂಜಾದ ಮೇಲೆ ಅದನ್ನು ಮಗಳ ಹೆಸರಿಗೆ ಮಾಡಿಕೊಟ್ಟಿದ್ದ. ಅವಳಿಗೆ ಓಡಿಸಲು ಕಲಿಸಿದವನೂ ಅವನೇ. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್, ಅವ್ವ ಬ್ಯಾಂಕಿನಲ್ಲಿ ಕ್ಲರ್ಕ್. ಅಪ್ಪನ ತಮ್ಮ ಶ್ರೀಕಾಂತ ಕಾಕಾನದು, ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದಿನಲ್ಲಿ ಟೈಲ್ಸ್ ಅಂಗಡಿ. "ಎಂಟ್ ದಿನಾ ಕೊಡ್ರಿ ವೈನಿ" ಎಂದು ಅತ್ತಿಗೆಯನ್ನು ಕೇಳಿ ದೀಪಾವಳಿಗೆ ಒಯ್ದವನು ಮರಳಿ ತಂದದ್ದು ಬೇಸಿಗೆಗೆ. ಅಷ್ಟು ದಿನವೂ ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ ಟೈಲ್ಸ್ ಪೆಟ್ಟಿಗೆ ತುಂಬಿ ಗಿರಾಕಿಗಳ ಮನೆಗೆ ಮುಟ್ಟಿಸಿದ್ದ.

"ಶಾಕ್ ಹೋಗ್ಯಾವ ವೈನಿ. ಅವೆರಡು ಹಾಕಿಸ್ರಿ, ಎದ್ದು ನಿಂದರ್ತದ" ಎಂದವನು ಚಹಾ ಕುಡಿದು ಬಸ್ಸು ಹತ್ತಿದ.

ಅಪ್ಪ ತಮ್ಮನ ಮಾತು ನಂಬಿ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ. ಗಾಡಿ ಕೂದಲೆಳೆಯಷ್ಟೂ ಏಳಲಿಲ್ಲ. ಶಾಕ್ ಕುಲುಕಾಟವನ್ನು ತಡೆಯುತ್ತದೆ, ಅಷ್ಟೆ. ಭಾರ ಹೊರುವುದು ಕೆಳಗಿನ ಕಮಾನ್ ಪಟ್ಟಾಗಳು, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಅವು ಚಪ್ಪಟೆಯಾಗಿದ್ದವು.

ಅವ್ವನಿಗೆ ಗಾಡಿ ಬೇಕೇ ಬೇಕಿತ್ತು. ಆಫೀಸರ್ ಆಗಿ ಬಡ್ತಿ ಬಂದಿತ್ತು, ನಲವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಚಾಂದವಡ್ ಶಾಖೆಗೆ. ನಾನು ಸಣ್ಣವಳೆಂದು ಹಿಂದೊಮ್ಮೆ ಬಡ್ತಿ ಬೇಡವೆಂದಿದ್ದಳು. ಈಗಲೂ ಬೇಡವೆಂದರೆ ಮತ್ತೆ ಯಾರೂ ಕೇಳುವುದಿಲ್ಲ.

"ನಿಮ್ಮ ತಮ್ಮಗ ಒಂದ್ ಮಾತು ಕೇಳ್ರಿ" ಎಂದಳು ಅಪ್ಪನಿಗೆ.

"ಏನಂತ ಕೇಳ್ಲಿ? ಮನಿ ಮನಷ್ಯಾ. ಗಾಡಿ ಅಂದ್ಮ್ಯಾಲೆ ಸವೀತದ."

"ಸವದಿಲ್ಲರಿ. ಸವಿಸ್ಯಾನ."

ಮರುದಿನ ಅವಳೇ ಗಾಡಿಯನ್ನು ನಿಧಾನ ಓಡಿಸಿಕೊಂಡು ಹೆದ್ದಾರಿಯ ಬದಿಯ ದಗಡೂ ಮಿಸ್ತ್ರಿಯ ಕಮಾನ್ ಕಾರ್ಖಾನೆಗೆ ಹೋದಳು. ನಾನೂ ಜೊತೆಗಿದ್ದೆ. ಲಾರಿಗಳ ನಡುವೆ ನಮ್ಮದೊಂದೇ ಕಾರು. "ಒಂದು ಪಟ್ಟಾ ಹೆಚ್ಚಿಗೆ ಸೇರಿಸಿಬಿಡ್ತೀನಿ ತಾಈ, ಅರ್ಧ ದಿನದ ಕೆಲಸ" ಎಂದ ಮಿಸ್ತ್ರಿ. ಹಾಗೆ ಮಾಡಿದರೆ ಗಾಡಿ ಲಾರಿಯಂತೆ ಕುಕ್ಕುತ್ತದೆ, ಬೇಡ, ಮುರಿದದ್ದನ್ನು ಬದಲಿಸಿ ಉಳಿದವನ್ನು ಮತ್ತೆ ಬಾಗಿಸಿ ಎಂದಳು ಅವ್ವ. ಅವನು ಹೂಂ ಎಂದ.

ಪಟ್ಟಾಗಳನ್ನು ಬಿಗಿದಿದ್ದ, ತುಕ್ಕು ಹಿಡಿದ ಯು-ಬೋಲ್ಟುಗಳಿಗೆ ಸೀಮೆಎಣ್ಣೆ ಸುರಿದರು. ಪಟ್ಟಾಗಳನ್ನು ಬಿಚ್ಚಿ ಹಾಸಿದಾಗ ನಡುವಿನದೊಂದು ಎರಡು ತುಂಡಾಗಿತ್ತು. ಅವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕುಲುಮೆಯಲ್ಲಿ ಕೆಂಪಗಾದ ಪಟ್ಟಾಗಳನ್ನು ಸುತ್ತಿಗೆಯಿಂದ ಬಡಿದು ಬಾಗಿಸಿ ಎಣ್ಣೆಯಲ್ಲಿ ಅದ್ದಿದಾಗ ಎದ್ದ ಕಮಟು ಹೊಗೆ ನನ್ನ ಫ್ರಾಕಿಗೆಲ್ಲ ಹತ್ತಿತು. ಬೇವಿನ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಸಂಜೆ ಗಾಡಿಯನ್ನು ಚಕ್ರದ ಮೇಲೆ ಇಳಿಸಿ ಕಡೆಯ ಬಿಗಿತ ಕೊಟ್ಟ ಮೇಲೆ ಅವ್ವ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಎತ್ತರವನ್ನು ಗೇಣು ಹಾಕಿ ನೋಡಿದಳು. ಎರಡೂ ಬದಿ ಸಮ. ಅಲ್ಲಿಂದ ನೇರ ಚಾಂದವಡ್‌ವರೆಗೆ ಓಡಿಸಿ, ಬ್ಯಾಂಕಿನ ಮುಚ್ಚಿದ ಬಾಗಿಲು ನೋಡಿಕೊಂಡು ತಿರುಗಿ ಬಂದೆವು. ದಾರಿಯುದ್ದಕ್ಕೂ ಅವಳು ಗುನುಗುತ್ತಿದ್ದಳು.

ಹೊಸ ಕೆಲಸಕ್ಕೆ ಸೇರುವ ಹಿಂದಿನ ವಾರ ಅವ್ವ ಬ್ಯಾಂಕಿನಿಂದ ಬಂದಾಗ ಮನೆ ಮುಂದೆ ಗಾಡಿ ಇರಲಿಲ್ಲ.

"ಶ್ರೀಕಾಂತ ಬಂದಿದ್ದ. ಎರಡನೇ ಅಂಗಡಿ ತಗೀತಾನಂತ. ನಾಕ್ ದಿನಾ ಅಂದಾನ" ಎಂದ ಅಪ್ಪ.

"ಕೀಲಿ ಯಾರು ಕೊಟ್ಟ್ರು?"

"ನಾನ ಕೊಟ್ಟೆ. ಮನ್ಯಾಗ ನಿಂದು ನಂದು ಅಂತ ಏನದ?"

ಅವ್ವ ಕೂಗಾಡಲಿಲ್ಲ. ಬೆಳಿಗ್ಗೆ ನನ್ನನ್ನು ಎಬ್ಬಿಸಿ, ಜೊತೆಗೆ ಕರೆದುಕೊಂಡು ಎಸ್.ಟಿ. ಬಸ್ಸು ಹತ್ತಿದಳು. ಔರಂಗಾಬಾದಿನಲ್ಲಿ ಅಂಗಡಿಯ ಮುಂದೆಯೇ ಗಾಡಿ ನಿಂತಿತ್ತು. ಹೊಟ್ಟೆ ತುಂಬ ಟೈಲ್ಸ್. ಹಿಂಬದಿ ಆಗಲೇ ಕುಗ್ಗಿತ್ತು.

"ಅಯ್ಯ ವೈನಿ, ಒಳಗ ಬರ್ರಿ, ಚಾ ಕುಡೀರಿ" ಎಂದ ಕಾಕಾ.

"ಕೀಲಿ ಕೊಡು."

"ಇದೊಂದ್ ಖೇಪ್ ಮುಟ್ಟಿಸಿ ಸಂಜಿಕ ನಾನ ತಂದ್ ಬಿಡ್ತೀನಿ."

ಅವ್ವ ಡಿಕ್ಕಿ ತೆರೆದಳು. ಒಂದು ಪೆಟ್ಟಿಗೆ ಎತ್ತಿ ಫುಟ್‌ಪಾತಿನ ಮೇಲಿಟ್ಟಳು. ಇನ್ನೊಂದು. ಮತ್ತೊಂದು. ಎಸೆಯಲಿಲ್ಲ, ಒಂದು ಟೈಲೂ ಒಡೆಯಲಿಲ್ಲ. ಪೆಟ್ಟಿಗೆಯ ಪಟ್ಟಿ ತಾಗಿ ಅಂಗೈ ಕೊಯ್ದು ರಕ್ತ ಬಂತು. ಗಿರಾಕಿಗಳು, ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಯಾರೂ ಕೈ ಹಚ್ಚಲಿಲ್ಲ.

"ವೈನಿ, ಮಂದಿ ನೋಡ್ಲಾಕತ್ತಾರ" ಎಂದ ಕಾಕಾ ಸಣ್ಣ ದನಿಯಲ್ಲಿ.

"ನೋಡ್ಲಿ. ಗಾಡಿ ಯಾರದಂತ ಅವರಿಗೂ ತಿಳೀಲಿ."

ಕಾಕಾ ಕೀಲಿ ಕೊಟ್ಟ. ಅವ್ವ ಅಂಗೈಗೆ ಕರವಸ್ತ್ರ ಸುತ್ತಿಕೊಂಡು ಗಾಡಿಯನ್ನು ಓಝರ್ ಕಡೆ ತಿರುಗಿಸಿದಳು. ನನಗೆ ಹೆದರಿಕೆಯಾಗಲಿಲ್ಲ. ಇಂಥ ಅವ್ವ ನನ್ನವಳು ಎಂದು ಎದೆಯುಬ್ಬಿಸಿ ಮುಂದಿನ ಸೀಟಿನಲ್ಲಿ ಕೂತಿದ್ದೆ.

ಅಪ್ಪ ಮಳೆಗಾಲದವರೆಗೆ ಅವಳೊಂದಿಗೆ ಮಾತು ಬಿಟ್ಟ. "ನಿಮ್ಮವ್ವಗ ಹೇಳು, ಸಾರಿಗೆ ಉಪ್ಪಿಲ್ಲ" ಎಂದು ನನ್ನ ಮೂಲಕವೇ ಹೇಳಿಸುತ್ತಿದ್ದ. ವಿಜಯಪುರದಿಂದ ಫೋನ್ ಮಾಡಿದವರೆಲ್ಲ ಮೈದುನನ ಮರ್ಯಾದೆಯನ್ನು ಬೀದಿಗೆ ತಂದಳೆಂದರು. ಗಾಡಿಗೆ ಏನಾಗಿತ್ತೆಂದು ಒಬ್ಬರೂ ಕೇಳಲಿಲ್ಲ. ಅವ್ವ ಮಾತ್ರ ಚಾಂದವಡ್‌ಗೆ ದಿನವೂ ಅದನ್ನೇ ಓಡಿಸಿದಳು, ಕೊನೆಗೆ ಮ್ಯಾನೇಜರ್ ಆಗಿ ನಿವೃತ್ತಳಾದಳು.

ಹೋದ ವರ್ಷ ನಾಶಿಕದ ನನ್ನ ಮನೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿದ್ದರು. ಊಟದ ನಂತರ ಕಾಕಾ ಈ ಕತೆ ತೆಗೆದ. ಅವ್ವ ಸೆರಗು ಸಿಕ್ಕಿಸಿ ಪೆಟ್ಟಿಗೆ ಎತ್ತಿದ್ದನ್ನು ಎದ್ದು ನಿಂತು ನಟಿಸಿ ತೋರಿಸಿದ. ಅಪ್ಪ ಕೆಮ್ಮು ಬರುವಷ್ಟು ನಕ್ಕ. ಮಕ್ಕಳೂ ನಕ್ಕರು. ನಾನು ಅವ್ವನ ಮುಖ ನೋಡಿದೆ. ಅವಳೂ ನಗುತ್ತಿದ್ದಳು.

"ಆಗ ನನಗ ಬುದ್ಧಿ ಇರ್ಲಿಲ್ಲ, ಬಿಡು" ಎಂದಳು.

ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅವಳು ಹಿಂದೆಯೇ ಬಂದಳು.

"ಅವ್ವಾ, ಹಂಗ ಯಾಕ ಅಂದಿ?" ನನ್ನ ಕನ್ನಡ ಅಷ್ಟಕ್ಕೇ ಮುಗಿಯಿತು, ಉಳಿದದ್ದನ್ನು ಮರಾಠಿಯಲ್ಲಿ ಹೇಳಿದೆ. ನೀನು ಮಾಡಿದ್ದು ಸರಿಯಿತ್ತು, ಅವತ್ತೂ ಸರಿ, ಇವತ್ತೂ ಸರಿ ಎಂದೆ.

"ಹೋಗ್ಲಿ ಬಿಡವಾ. ಎಲ್ಲಾರಿಗೂ ವಯಸ್ಸಾತು" ಎಂದು ಅವಳು ನಲ್ಲಿ ತಿರುಗಿಸಿದಳು.

ಗಾಡಿ ಗುಜರಿಗೆ ಹೋಯಿತು, ಕಾಲೊನಿಯ ಮನೆ ಬೇರೆಯವರ ಪಾಲಾಯಿತು, ನಾವು ಆಡಿದ ರಸ್ತೆಯಲ್ಲಿ ಈಗ ಕಾರುಗಳ ನಡುವೆ ಕಾಲಿಡಲು ಜಾಗವಿಲ್ಲ. ಅದಕ್ಕೆಲ್ಲ ನಾನು ದುಃಖಪಡುವವಳಲ್ಲ. ಆದರೆ ಆ ಪೆಟ್ಟಿಗೆಗಳನ್ನು ಇಳಿಸಿದ ಹೆಂಗಸನ್ನು ಇವರೆಲ್ಲ ಸೇರಿ, ನಗುನಗುತ್ತಲೇ, ನನ್ನಿಂದ ಕಸಿದುಕೊಂಡರು. ಅದಕ್ಕೆ ಅವಳೂ ಕೈಜೋಡಿಸಿದಳಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.