ಅಣ್ಣನ ಆಟಗಳ ಮೇಲೆ ನಾನು ಮಾಡಿದ ಭಾಷಣ

ನಮ್ಮ ಮನೆಯಲ್ಲಿ ಹೇಳುವ ಕತೆ ಇದು: ಅಣ್ಣ ಗಲ್ಫಿನಿಂದ ಬಂದ, ಕಂಪ್ಯೂಟರ್ ಗೇಮಿಗೆ ಬಿದ್ದ, ಆಮೇಲೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅಮ್ಮ ಹೀಗೆಯೇ ಹೇಳುತ್ತಾರೆ, ನೆರೆಯವರೂ ಹೀಗೆಯೇ ಹೇಳುತ್ತಾರೆ. ಆದರೆ ಇದರಲ್ಲಿ ಮೊದಲು ಆದದ್ದು ಯಾವುದು, ಆಮೇಲೆ ಆದದ್ದು ಯಾವುದು ಎಂಬುದೇ ತಿರುಗುಮುರುಗಾಗಿದೆ. ಅಣ್ಣ ಹೊರಗೆ ಹೋಗುವುದನ್ನು ಬಿಟ್ಟ ಮೇಲೆ ಗೇಮ್ ಬಂದದ್ದು. ಇದಕ್ಕೆ ನಾನೇ ಸಾಕ್ಷಿ. ಆ ಸಾಕ್ಷಿಯೇ ತಿರುಗುಮುರುಗಿನ ಕತೆಯನ್ನು ಮೈಕಿನಲ್ಲಿ ಹೇಳಿ ಬಹುಮಾನ ತಂದದ್ದರಿಂದ ಈಗ ನನ್ನ ಮಾತನ್ನು ಯಾರೂ ನಂಬುವುದಿಲ್ಲ.

ಅಣ್ಣ ಕೆಲಸ ಮಾಡುತ್ತಿದ್ದ ಕಂಪೆನಿ ಮುಚ್ಚಿತು. ನರಿಕೊಂಬಿನ ಮನೆಗೆ ಬಂದ. ನಮ್ಮಲ್ಲಿ ಗಲ್ಫಿನಿಂದ ಬಂದವನನ್ನು ಎರಡು ಪ್ರಶ್ನೆ ಕೇಳುವುದು ಒಂದು ಮರ್ಯಾದೆ: ಯಾವಾಗ ಬಂದದ್ದು, ಯಾವಾಗ ಹೋಗುವುದು. ಊಟ ಆಯಿತಾ ಎಂದು ಕೇಳಿದ ಹಾಗೆ, ಕೆಟ್ಟ ಮನಸ್ಸಿನಿಂದಲ್ಲ. ಮೀನಿನವರು ಕೇಳಿದರು, ಬಿ.ಸಿ. ರೋಡಿನ ಸೆಲೂನಿನಲ್ಲಿ ಕೇಳಿದರು, ಮದುವೆ ಊಟಕ್ಕೆ ಕೂತರೆ ಎಡಗಡೆಯವರೂ ಕೇಳಿದರು, ಬಲಗಡೆಯವರೂ ಕೇಳಿದರು. ಮೊದಲನೆಯದಕ್ಕೆ ಅವನಲ್ಲಿ ಉತ್ತರವಿತ್ತು. ಎರಡನೆಯದಕ್ಕೆ "ನೋಡುವ" ಎನ್ನುತ್ತಿದ್ದ. ಎರಡು ತಿಂಗಳು "ನೋಡುವ", "ನೋಡುವ" ಎಂದು ಹೇಳಿ ಸಾಕಾಯಿತು; ಕೂದಲು ಕತ್ತರಿಸಲು ಹೋಗುವುದನ್ನು ನಿಲ್ಲಿಸಿದ. ಮದುವೆಗಳಿಗೆ ಅಮ್ಮ ಒಬ್ಬರೇ ಹೋಗತೊಡಗಿದರು. ಆಗ ಶಾಲೆಯ ಕಾಲದ ಗೆಳೆಯನೊಬ್ಬ, ಸುಮ್ಮನೆ ಕೂತಿದ್ದಾನಲ್ಲ ಎಂದು, ತಾನು ಬಳಸದ ಕಂಪ್ಯೂಟರನ್ನು ತಂದು ಕೊಟ್ಟ.

ನಾನು ಮೂಡುಬಿದಿರೆಯಲ್ಲಿ ಓದುತ್ತೇನೆ, ಹಾಸ್ಟೆಲಿನಲ್ಲಿದ್ದೇನೆ. ಕಾಲೇಜಿನ ಚರ್ಚಾ ತಂಡದಲ್ಲಿ ಇದು ಮೂರನೇ ವರ್ಷ. ಬೆಳ್ತಂಗಡಿಯಲ್ಲಿ ಒಂದು ಸ್ಪರ್ಧೆ ಇತ್ತು. ಶೂಟಿಂಗ್ ಗೇಮುಗಳು ಯುವಜನರನ್ನು ಹಾಳು ಮಾಡುತ್ತಿವೆ ಎಂಬುದು ವಿಷಯ. ನಾವು ಏನು ನಂಬುತ್ತೇವೆ ಎಂಬುದಕ್ಕೆ ಅಲ್ಲಿ ಬೆಲೆ ಇಲ್ಲ. ಒಂದು ವಾರ ಮೊದಲೇ ಚೀಟಿ ಎತ್ತುತ್ತಾರೆ, ಚೀಟಿಯಲ್ಲಿ ಬಂದದ್ದನ್ನು ಮಾತಾಡಬೇಕು. ನನಗೆ 'ಪರ' ಬಂತು; ಅಂದರೆ ಹಾಳು ಮಾಡುತ್ತಿವೆ ಎಂದೇ ವಾದಿಸಬೇಕು.

ಉಳಿದವರು ಎಲ್ಲ ಗೇಮುಗಳನ್ನೂ ಒಂದೇ ಗೋಣಿಯಲ್ಲಿ ತುಂಬಿಸಿ ಬೈಯುತ್ತಾರೆಂದು ನನಗೆ ಗೊತ್ತಿತ್ತು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೇಳಿದರೆ ತೀರ್ಪುಗಾರರು ತಲೆ ಎತ್ತುತ್ತಾರೆ. ರಜೆ ಹಾಕಿ ಮನೆಗೆ ಬಂದು, ಸ್ಪರ್ಧೆಗೆ ಬೇಕು, ಸ್ವಲ್ಪ ಹೇಳಿಕೊಡು ಎಂದು ಅಣ್ಣನ ಪಕ್ಕ ಸ್ಟೂಲು ಹಾಕಿ ಮೂರು ದಿನ ಕೂತೆ. ಅಷ್ಟು ಮಾತಾಡಿದ ಅಣ್ಣನನ್ನು ನಾನು ಬಹಳ ಸಮಯದಿಂದ ಕಂಡಿರಲಿಲ್ಲ.

ಮೂರು ಗೇಮು ತೋರಿಸಿದ. ಮೊದಲನೆಯದು ಎಲ್ಲರೂ ಮೊಬೈಲಿನಲ್ಲಿ ಆಡುವಂಥದ್ದು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಆಡುವ ಜಾಗದ ಸುತ್ತಲಿನ ಗೆರೆ ಒಳಗೊಳಗೆ ಸರಿಯುತ್ತಾ ಬರುತ್ತದೆ, ಕೊನೆಗೆ ಉಳಿದವನು ಗೆದ್ದ. "ಅರ್ಧ ಗಂಟೆಯ ಕೆಲಸ. ಸತ್ತರೆ ಮತ್ತೆ ಹಾರುವುದು. ಇದಕ್ಕೆ ಬುದ್ಧಿ ಬೇಡ, ಬೆರಳು ಸಾಕು," ಎಂದ. ಎರಡನೆಯದರಲ್ಲಿ ಬರಿಗೈಯಲ್ಲಿ ಕಡಲ ಬದಿ ಎದ್ದೇಳಬೇಕು. ಕಲ್ಲಿನಿಂದ ಮರ ಕಡಿದು ಮನೆ ಕಟ್ಟಬೇಕು. ಕಂಪ್ಯೂಟರ್ ಆಫ್ ಮಾಡಿದರೂ ಆ ಲೋಕ ನಡೆಯುತ್ತಲೇ ಇರುತ್ತದೆ. ತಿರುಗಿ ಬಂದು ನೋಡಿದರೆ ಯಾರೋ ಗೋಡೆ ಒಡೆದು ಕೋವಿ, ಕಬ್ಬಿಣ ಎಲ್ಲ ಹೊತ್ತುಕೊಂಡು ಹೋಗಿರುತ್ತಾರೆ.

"ಇದನ್ನು ಆಡುವವನಿಗೆ ನಿದ್ದೆ ಇಲ್ಲ ಮಾರಾಯ್ತಿ. ಮನೆ ಕಾಯುವುದೇ ಕೆಲಸ. ನಾನು ಬಿಟ್ಟೆ."

ಅವನದ್ದು ಮೂರನೆಯದು. ಪಾಳುಬಿದ್ದ ಒಂದು ದೊಡ್ಡ ನಾಡು. ಹಸಿವಾಗುತ್ತದೆ, ಚಳಿಯಾಗುತ್ತದೆ, ಕೆಟ್ಟ ನೀರು ಕುಡಿದರೆ ಕಾಯಿಲೆ ಬೀಳುತ್ತದೆ, ಶೂ ಕೂಡ ಸವೆಯುತ್ತದೆ. ಕೋವಿ ಸಿಕ್ಕಿದರೆ ಅದಕ್ಕೆ ಹೊಂದುವ ಗುಂಡು ಸಿಗುವುದಿಲ್ಲ. ಒಂದು ಗಂಟೆ ನೋಡಿದೆ. ಅಣ್ಣ ಒಂದು ಗದ್ದೆ ದಾಟಿ ಇನ್ನೊಂದು ಗದ್ದೆಗೆ ನಡೆಯುತ್ತಲೇ ಇದ್ದ.

"ಇದರಲ್ಲಿ ಶೂಟಿಂಗ್ ಎಲ್ಲಿ ಉಂಟು? ಇದಕ್ಕಿಂತ ನೀನು ಬಂಟ್ವಾಳ ಪೇಟೆಗೆ ನಡೆದರೆ ಸಾಮಾನಾದರೂ ಬರ್ತದೆ."

"ಇಲ್ಲಿ ಎದುರು ಸಿಕ್ಕಿದವರು ಏನು ಕೇಳ್ತಾರೆ ಗೊತ್ತುಂಟಾ?"

"ಏನು?"

"ತಿನ್ನಲಿಕ್ಕೆ ಏನಾದರೂ ಉಂಟಾ ಅಂತ. ಇಲ್ಲದಿದ್ದರೆ ಗುಂಡು ಹೊಡೀತಾರೆ. ಅಷ್ಟೇ. ಬೇರೆ ಏನೂ ಕೇಳುವುದಿಲ್ಲ." ನಕ್ಕ. "ಮೊನ್ನೆ ಒಬ್ಬ, ಯಾವ ದೇಶದವನೋ, ಬ್ಯಾಂಡೇಜ್ ಕೊಟ್ಟು ಹೋದ."

ಎದುರು ಪಕ್ಷದವರ ಕೈಗೆ ಸಿಗಬಾರದ ಮಾತು ಇದು ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಚರ್ಚೆಯಲ್ಲಿ ನಮಗೆ ಕಲಿಸುವುದೇ ಅದನ್ನು: ಎದುರಾಳಿಯ ಒಳ್ಳೆಯ ವಾದವನ್ನು ಅವನಿಗಿಂತ ಮೊದಲು ಹುಡುಕಿ ಮುಚ್ಚಿಬಿಡು. ನಾನು ಮುಚ್ಚಿದೆ.

ಬೆಳ್ತಂಗಡಿಯ ಸಭಾಂಗಣದಲ್ಲಿ ಹೇಳಿದ್ದು ಇಷ್ಟು: ಒಂದು ಗೇಮು ಅರ್ಧ ಗಂಟೆಯನ್ನು ತಿನ್ನುತ್ತದೆ, ಇನ್ನೊಂದು ನಿದ್ದೆಯನ್ನು ತಿನ್ನುತ್ತದೆ, ಮೂರನೆಯದು ಮನುಷ್ಯನನ್ನೇ ತಿನ್ನುತ್ತದೆ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಅದು ಮನೆಗೆ ಬಂದ ಮೇಲೆ ಅವರು ಕೂದಲು ಕತ್ತರಿಸಲು ಕೂಡ ಹೊರಗೆ ಹೋಗಿಲ್ಲ. ತೀರ್ಪುಗಾರರೊಬ್ಬರು ಪೆನ್ನು ಕೆಳಗಿಟ್ಟರು. ಪ್ರಥಮ ಬಹುಮಾನ.

ಗೆಳತಿಯೊಬ್ಬಳು ಮಾಡಿದ ವೀಡಿಯೋವನ್ನು ಅಮ್ಮನಿಗೆ ಕಳಿಸಿದೆ. ಅಮ್ಮ ಹೆಮ್ಮೆಯಿಂದ ಕುಟುಂಬದ ಗ್ರೂಪಿಗೆ ಹಾಕಿದರು. ಆ ಗ್ರೂಪಿನಲ್ಲಿ ಕಕ್ಕಿಂಜೆಯ ಮಾವ, ಅಮ್ಮನ ತಮ್ಮ, ಇದ್ದಾರೆ. ಅವರು ಗಲ್ಫಿನಲ್ಲಿ ಹೋಟೆಲು ನಡೆಸುತ್ತಾರೆ. ಸ್ಟೋರು ನೋಡಿಕೊಳ್ಳಲು ಅಣ್ಣನನ್ನು ಕರೆಸಿಕೊಳ್ಳುತ್ತೇನೆಂದು ಹೇಳಿ, ಪಾಸ್‌ಪೋರ್ಟಿನ ಪ್ರತಿಯನ್ನೂ ತರಿಸಿಕೊಂಡಿದ್ದರು. ಮರುದಿನ ಅಮ್ಮನಿಗೆ ಅವರ ವಾಯ್ಸ್ ಮೆಸೇಜ್ ಬಂತು: "ಅಕ್ಕ, ಹುಡುಗಿ ಚಂದ ಮಾತಾಡಿದ್ದಾಳೆ. ಹುಡುಗನ ಸಂಗತಿ ಹೀಗೆ ಅಂತ ನೀವು ನನಗೆ ಹೇಳಲಿಲ್ಲವಲ್ಲ. ಸ್ಟೋರಿನ ಕೆಲಸ, ಒಂದು ನಿಮಿಷ ಕಣ್ಣು ತಪ್ಪಲಿಕ್ಕಿಲ್ಲ. ಅವನದ್ದು ಸದ್ಯ ನಿಲ್ಲಿಸುವ."

ನಾನೇ ಮಾವನಿಗೆ ಫೋನ್ ಮಾಡಿದೆ. ಅದು ಸ್ಪರ್ಧೆಗೆ ಹೇಳಿದ್ದು, ಚೀಟಿಯಲ್ಲಿ ಪರ ಬಂದಿತ್ತು ಎಂದೆ.

"ವಿರೋಧ ಬಂದಿದ್ದರೆ?"

"ವಿರೋಧ ಮಾತಾಡ್ತಿದ್ದೆ, ಮಾವ."

"ಅದರಲ್ಲೂ ಗೆಲ್ತಿದ್ದೆ ಅಲ್ಲವಾ?"

"ಬಹುಶಃ."

"ಈಗ ನನ್ನ ಹತ್ರ ಮಾತಾಡ್ತಾ ಇರುವುದು ಯಾವ ಚೀಟಿ ಮಗಾ?"

ಸಿಟ್ಟಿನಲ್ಲಿ ಕೇಳಿದ್ದಲ್ಲ. ಪ್ರೀತಿಯಿಂದಲೇ ಕೇಳಿ, ಗಿರಾಕಿ ಬಂದರೆಂದು ಫೋನ್ ಇಟ್ಟರು. ಮೂರು ವರ್ಷದಲ್ಲಿ ಯಾವ ಎದುರಾಳಿಯೂ ನನ್ನನ್ನು ಹಾಗೆ ಕಟ್ಟಿಹಾಕಿಲ್ಲ.

ಅಮ್ಮನಿಗೆ ಸಾಕ್ಷ್ಯ ತೋರಿಸಿದೆ. ಕಂಪ್ಯೂಟರ್ ತರುತ್ತೇನೆಂದು ಆ ಗೆಳೆಯ ಕಳಿಸಿದ ಮೆಸೇಜಿನ ತಾರೀಕು ನೋಡಿ, ಅಣ್ಣ ಬರದೆ ನೀವು ಒಬ್ಬರೇ ಹೋದ ಮದುವೆಯ ಫೋಟೋದ ತಾರೀಕು ನೋಡಿ, ಯಾವುದು ಮೊದಲು ಎಂದೆ. ಅಮ್ಮ ಎರಡನ್ನೂ ನೋಡಿದರು.

"ಹಾಗಾದರೆ ಅಷ್ಟು ಜನರ ಎದುರು ನೀನು ಹೇಳಿದ್ದು ಸುಳ್ಳಾ?"

ಹೌದು ಎಂದರೆ ಸುಳ್ಳು ಹೇಳಿ ಬಹುಮಾನ ತಂದವಳ ಮಾತನ್ನು ಈಗ ಯಾಕೆ ನಂಬಬೇಕು. ಅಲ್ಲ ಎಂದರೆ ಮಾವ ಮಾಡಿದ್ದೇ ಸರಿ. ಯಾವ ಬಾಗಿಲಿನಿಂದ ಹೊರಟರೂ ನಾನು ಅದೇ ಕೋಣೆಗೆ ಬಂದು ಬೀಳುತ್ತೇನೆ. "ನಿನ್ನ ವಾದ ನನ್ನ ಹತ್ರ ಬೇಡ" ಎಂದು ಅಮ್ಮ ಮೊಬೈಲು ಹಿಂದೆ ಕೊಟ್ಟರು.

ಅಣ್ಣ ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ವೀಡಿಯೋ ನೋಡಿದ್ದಾನೆ, ಅದು ಗೊತ್ತು. ಬೈದರೆ ನಾನು ಉತ್ತರ ಕೊಡಬಲ್ಲೆ, ಬೈಯುತ್ತಿಲ್ಲ. ಕಳೆದ ಭಾನುವಾರ ಮೂಡುಬಿದಿರೆಯ ಬಸ್ಸಿಗೆ ಇನ್ನೂ ಸಮಯವಿತ್ತು. ಹೋಗಿ ಅವನ ಪಕ್ಕ ಕೂತೆ. ಕುರ್ಚಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟ. ಪರದೆಯಲ್ಲಿ ಒಂದು ಖಾಲಿ ರಸ್ತೆ. ಇದು ಹೊಸ ಜಾಗ, ಇಲ್ಲಿಯ ಬಾವಿಯ ನೀರು ಒಳ್ಳೆಯದುಂಟು ಎಂದ. ಆ ಮೂರು ದಿನವೂ ಹೀಗೆಯೇ ಹೇಳುತ್ತಿದ್ದ. ನಾನು ಬರೆದುಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಹೋಗುತ್ತಿದ್ದ.

"ಅಣ್ಣ, ನನಗೆ ಪರ ಬಂದದ್ದಾ ವಿರೋಧ ಬಂದದ್ದಾ ಅಂತ ನೀನು ಒಂದು ಸಲವೂ ಯಾಕೆ ಕೇಳಲಿಲ್ಲ?"